ಪಟ್ಟಿಗೆ ಸೇರಿದ ಹಳ್ಳ

(ಗ್ರಾಮ ಪಂಚಾಯಿತಿ ಸದಸ್ಯರ ಮತ್ತು ರೈತ ಬಂಧುಗಳ ಸಭೆಯಲ್ಲಿ ಮಾಡಿದ ಭಾಷಣದ ಪಾಠ)



ಈ ದಿನ ನಾನು ತಮ್ಮ ಮುಂದೆ ಅರಿಕೆ ಮಾಡಬೇಕೆಂದಿರುವ ವಿಷಯ ಸ್ವಲ್ಪ ದೂರದ್ದು. ಅಮೆರಿಕ ದೇಶದ ಪೂರ್ವ ಭಾಗದಲ್ಲಿ ಪೆನ್ಸಿಲ್ವೇನಿಯಾ ಎಂಬ ರಾಜ್ಯವಿದೆ. ಅಲ್ಲಿ ಟ್ರೌಟ್ ಎಂಬ ಮೀನು ತಾನಾಗಿ ಹುಟ್ಟಿ ಬೆಳೆಯತಕ್ಕ ಹಳ್ಳಗಳು ಯಾವುವು ಎಂಬುದನ್ನು ಒಂದೊಂದಾಗಿ ಹೋಗಿ ನೋಡಿ, ಪರೀಕ್ಷೆ ಮಾಡಿ, ಸರ್ಕಾರದ ಪಟ್ಟಿಯಲ್ಲಿ ಬರೆಯುವ ಕೆಲಸ ಬಹಳ ವರ್ಷಗಳಿಂದ ನಡೆದಿದೆ. ಆ ಮೀನು ನಮ್ಮ ಹಳ್ಳಗಳಲ್ಲಿಲ್ಲ; ಆ ಚಳಿಯೂ ನಮ್ಮಲ್ಲಿಲ್ಲ. ಹಾಗಿದ್ದ ಮೇಲೆ ಆ ಊರಿನ ಮೀನಿನ ಲೆಕ್ಕ ನಮಗೇಕೆ ಎಂದು ತಾವು ಕೇಳಬಹುದು. ಕೇಳುವುದು ನ್ಯಾಯವೇ. ಮೀನು ಬೇರೆಯಾದರೂ ಲೆಕ್ಕ ಇಡುವ ಕ್ರಮದಲ್ಲಿ ನಾವು ಕಲಿಯತಕ್ಕದ್ದು ಬಹಳವಿದೆ. ಬರೆದಿಡದ ಹಳ್ಳವನ್ನು ಯಾವ ಕಾನೂನೂ ಕಾಯಲಾರದು. ಕಾಲು ತೋಯಿಸಿಕೊಂಡು ಹೋಗಿ ನೋಡದೆ ಬರೆದಿಡಲೂ ಬಾರದು. ಈ ಎರಡು ಮಾತುಗಳನ್ನು ತಮಗೆ ವಿವರವಾಗಿ ತಿಳಿಸುವುದೇ ನನ್ನ ಉದ್ದೇಶ.

ಮೊದಲು ಆ ಮೀನಿನ ವಿಚಾರ. ಟ್ರೌಟ್ ತಣ್ಣೀರಿನ ಮೀನು. ನಮಗೆ ಹತ್ತಿರದಲ್ಲಿ ಇದನ್ನು ನೋಡಬೇಕಾದರೆ ನೀಲಗಿರಿಗೆ ಹೋಗಬೇಕು. ಎಚ್. ಸಿ. ವಿಲ್ಸನ್ ಎಂಬವರು ೧೯೦೭ರಲ್ಲಿ ಅಲ್ಲಿನ ಅವಲಾಂಚಿಯಲ್ಲಿ ಮರಿ ಮಾಡುವ ಕೇಂದ್ರವನ್ನು ಕಟ್ಟಿಸಿ ಈ ಮೀನನ್ನು ನೆಲೆಗೊಳಿಸಿದರು. ಪೆನ್ಸಿಲ್ವೇನಿಯಾದಲ್ಲಾದರೋ ಬ್ರೂಕ್ ಟ್ರೌಟ್ ಎಂಬ ಜಾತಿ ಅನಾದಿಯಿಂದಲೂ ಇದೆ. ಅದರ ಮೈಮೇಲೆ ನೀಲಿ ಉಂಗುರದ ನಡುವೆ ಕೆಂಪು ಚುಕ್ಕೆ. ಹೊಟ್ಟೆಯ ಕೆಳಗಿನ ರೆಕ್ಕೆಗಳಿಗೆ ಬಿಳಿಯ ಅಂಚು. ೧೯೭೦ರಲ್ಲಿ ಆ ರಾಜ್ಯ ಇದನ್ನು ತನ್ನ ರಾಜ್ಯಮೀನೆಂದು ಸಾರಿತು. ನೀರಿನ ಬಿಸಿ ೨೦ ಡಿಗ್ರಿ ದಾಟಿತೆಂದರೆ ಇದಕ್ಕೆ ಸಂಕಟ. ನೀರು ತಣ್ಣಗಿರಬೇಕು, ತಿಳಿಯಾಗಿರಬೇಕು, ತಳದಲ್ಲಿ ಸಣ್ಣ ಜಲ್ಲಿಕಲ್ಲಿರಬೇಕು. ಅಕ್ಟೋಬರು, ನವೆಂಬರು ತಿಂಗಳುಗಳಲ್ಲಿ ಹೆಣ್ಣುಮೀನು ಆ ಜಲ್ಲಿಯನ್ನು ಬಾಲದಿಂದ ಕೆದಕಿ, ಗುಂಡಿ ಮಾಡಿ, ಮೊಟ್ಟೆಯಿಟ್ಟು ಮುಚ್ಚುತ್ತದೆ. ಚಳಿಗಾಲವೆಲ್ಲ ಮೊಟ್ಟೆ ಜಲ್ಲಿಯ ಸಂದಿನಲ್ಲಿದ್ದು ವಸಂತದಲ್ಲಿ ಮರಿ ಹೊರಬೀಳುತ್ತದೆ. ಆ ತಿಂಗಳುಗಳಲ್ಲಿ ಮೇಲಿನಿಂದ ಕೆಸರು ಬಂದು ಜಲ್ಲಿಯನ್ನು ಮುಚ್ಚಿತೋ, ಮೊಟ್ಟೆ ಉಸಿರುಕಟ್ಟಿ ಸಾಯುತ್ತದೆ. ಇದನ್ನು ತಾವು ನೆನಪಿನಲ್ಲಿಡಬೇಕು. ಪಟ್ಟಿಯ ಅರ್ಧ ಪ್ರಯೋಜನ ಇದರ ಮೇಲೆಯೇ ನಿಂತಿದೆ.

ಇನ್ನು 'ಕಾಡು ಟ್ರೌಟ್' ಎಂಬ ಮಾತು. ಆ ರಾಜ್ಯದಲ್ಲಿ ಮೀನು ಮತ್ತು ದೋಣಿ ಆಯೋಗವೆಂಬ ಸರ್ಕಾರಿ ಸಂಸ್ಥೆಯಿದೆ. ಅದರ ಮೂಲ ೧೮೬೬ನೆಯ ಇಸವಿಯಷ್ಟು ಹಳೆಯದು. ಗಾಳ ಹಾಕುವವರ ಸಂತೋಷಕ್ಕಾಗಿ ಈ ಆಯೋಗ ತನ್ನ ಕೊಳಗಳಲ್ಲಿ ಟ್ರೌಟ್ ಬೆಳೆಸಿ ವರ್ಷಕ್ಕೆ ಲಕ್ಷಗಟ್ಟಲೆ ಮೀನುಗಳನ್ನು ಹೊಳೆ ಕೆರೆಗಳಿಗೆ ಬಿಡುತ್ತದೆ. ಇವು ಬಿಟ್ಟ ಮೀನುಗಳು. ನೀರಿನಲ್ಲಿಯೇ ಮೊಟ್ಟೆಯೊಡೆದು, ಅಲ್ಲಿಯೇ ಬೆಳೆದು, ಅಲ್ಲಿಯೇ ಸಂತಾನ ಮಾಡತಕ್ಕದ್ದು ಕಾಡು ಟ್ರೌಟ್. ಜಾತಿ ಆ ನಾಡಿನದೇ ಆಗಿರಬೇಕೆಂದಿಲ್ಲ. ಯೂರೋಪಿನಿಂದ ೧೮೮೦ರ ದಶಕದಲ್ಲಿ ಅಮೆರಿಕಕ್ಕೆ ತಂದ ಬ್ರೌನ್ ಟ್ರೌಟ್ ಕೂಡ ಹಳ್ಳದಲ್ಲಿ ತಾನಾಗಿ ಮರಿಮಾಡಿದರೆ ಕಾಡು ಟ್ರೌಟೇ. ಸಂತೆಯಲ್ಲಿ ಕೊಂಡು ತಂದ ಕೋಳಿಗೂ ಮನೆಯ ಹಿತ್ತಿಲಲ್ಲೇ ಕಾವು ಕೂತು ಮರಿಮಾಡಿದ ಕೋಳಿಗೂ ಇರುವ ವ್ಯತ್ಯಾಸ ತಮಗೆ ಗೊತ್ತಿದೆ. ಕೊಂಡು ತಂದ ಕೋಳಿ ಎಷ್ಟಿದ್ದರೂ ಹಿತ್ತಿಲು ಚೆನ್ನಾಗಿದೆಯೆಂದು ಹೇಳುವಂತಿಲ್ಲ. ಮರಿಯಿದ್ದರೆ ಹೇಳಬಹುದು. ಹಾಗೆಯೇ ಹಳ್ಳದಲ್ಲಿ ಟ್ರೌಟ್ ಮರಿ ಕಂಡರೆ ಆ ನೀರು ತಣ್ಣಗಿದೆ, ಶುದ್ಧವಾಗಿದೆ, ತಳ ಕೆಟ್ಟಿಲ್ಲ ಎಂದು ತಿಳಿಯಬೇಕು.

ಪೆನ್ಸಿಲ್ವೇನಿಯಾದ ಹೊಳೆಹಳ್ಳಗಳ ಉದ್ದವನ್ನೆಲ್ಲ ಕೂಡಿಸಿದರೆ ಸುಮಾರು ೮೬,೦೦೦ ಮೈಲಿ, ಅಂದರೆ ಸುಮಾರು ೧,೩೮,೦೦೦ ಕಿಲೋಮೀಟರು ಆಗುತ್ತದೆ. ಈ ನೀರಿಗೆ ಬಂದ ಕಷ್ಟಗಳೂ ಬಹಳ. ಹತ್ತೊಂಬತ್ತನೆಯ ಶತಮಾನದ ಕೊನೆಯ ವೇಳೆಗೆ ಬೆಟ್ಟದ ಮರಗಳನ್ನು ಗುಡ್ಡಗುಡ್ಡವೇ ಬೋಳಾಗುವಂತೆ ಕಡಿದರು. ನೆರಳು ಹೋಗಿ ನೀರು ಬಿಸಿಯಾಯಿತು, ಮಣ್ಣು ಕೊಚ್ಚಿಬಂತು. ಕಲ್ಲಿದ್ದಲಿನ ಹಳೆಯ ಗಣಿಗಳಿಂದ ಒಸರುವ ಹುಳಿನೀರು ೫,೦೦೦ ಮೈಲಿಗೂ ಹೆಚ್ಚಿನ ಹೊಳೆಹಳ್ಳಗಳನ್ನು ಕೆಡಿಸಿತು. ಕಾಡು ಮತ್ತೆ ಬೆಳೆದು ಕೆಲವು ಹಳ್ಳಗಳು ಚೇತರಿಸಿಕೊಂಡವು. ಅಷ್ಟರಲ್ಲಿ ೨೦೦೮ರ ಸುಮಾರಿಗೆ ಮಾರ್ಸೆಲಸ್ ಎಂಬ ಆಳದ ಬಂಡೆಯ ಪದರಿನಿಂದ ಅನಿಲ ತೆಗೆಯುವ ಭರಾಟೆ ಮೊದಲಾಯಿತು. ಬೆಟ್ಟದ ನೆತ್ತಿಯಲ್ಲಿ ಬಾವಿ ಕೊರೆಯುವ ಜಾಗ, ಅದಕ್ಕೆ ಲಾರಿ ಹೋಗುವ ದಾರಿ, ಹಳ್ಳ ದಾಟಿಸುವ ಕೊಳವೆ. ಇವೆಲ್ಲ ಬರುತ್ತಿದ್ದುದು ಹಳ್ಳಗಳು ಹುಟ್ಟುವ ಜಾಗಕ್ಕೇ.

ಆಗ ಒಂದು ಕೊರತೆ ಎದ್ದು ಕಂಡಿತು. ದೊಡ್ಡ ಹೊಳೆಗಳ ಪರೀಕ್ಷೆ ಮೊದಲೇ ನಡೆದಿತ್ತು. ಸಣ್ಣ ಹಳ್ಳಗಳ ಪೈಕಿ ಬಹುಪಾಲನ್ನು ಯಾರೂ ಹೋಗಿ ನೋಡಿಯೇ ಇರಲಿಲ್ಲ. ಕಾಗದದಲ್ಲಿ ಮೀನಿಲ್ಲವೆಂದ ಮೇಲೆ, ಅನುಮತಿ ಕೊಡುವ ಅಧಿಕಾರಿಗೆ ಆ ಹಳ್ಳದಲ್ಲಿ ಕಾಯತಕ್ಕದ್ದೇನೂ ಇಲ್ಲ. ಮೀನು ನಿಜವಾಗಿ ಇಲ್ಲವೋ, ಅಥವಾ ಯಾರೂ ನೋಡಲಿಲ್ಲವೋ ಎಂಬುದನ್ನು ಕಾಗದ ಹೇಳುವುದಿಲ್ಲ. ಆದುದರಿಂದ ೨೦೧೦ರಲ್ಲಿ ಆಯೋಗ ಪರೀಕ್ಷೆಯಾಗದ ಹಳ್ಳಗಳ ಸಲುವಾಗಿಯೇ ಒಂದು ಕಾರ್ಯಕ್ರಮವನ್ನು ಆರಂಭಿಸಿತು. ತನ್ನ ನೌಕರರಿಂದ ಮಾತ್ರ ಇಷ್ಟು ಕೆಲಸ ಆಗದೆಂದು ಲೈಕಮಿಂಗ್ ಕಾಲೇಜು, ಕಿಂಗ್ಸ್ ಕಾಲೇಜು ಮುಂತಾದ ವಿದ್ಯಾಸಂಸ್ಥೆಗಳನ್ನೂ, ಟ್ರೌಟ್ ಅನ್‌ಲಿಮಿಟೆಡ್ ಎಂಬ ಜನರ ಸಂಘವನ್ನೂ ಜೊತೆಗೆ ಸೇರಿಸಿಕೊಂಡಿತು. ಅಧ್ಯಾಪಕರು ಮುಂದಾಳುಗಳು, ವಿದ್ಯಾರ್ಥಿಗಳು ಕೆಲಸಗಾರರು. ಅನಿಲ ಬಾವಿ, ಕಟ್ಟಡ ಮೊದಲಾದ ಒತ್ತಡ ಹೆಚ್ಚಾಗಿರುವ ಕಡೆಯ ಹಳ್ಳಗಳಿಗೆ ಮೊದಲ ಸರದಿ.

ಪರೀಕ್ಷೆಯನ್ನು ಹೇಗೆ ಮಾಡುತ್ತಾರೆ? ಬೇಸಗೆಯಲ್ಲಿ ನೀರು ಇಳಿದಿರುವಾಗ ನಾಲ್ಕೈದು ಜನರ ತಂಡ ಹಳ್ಳಕ್ಕೆ ಇಳಿಯುತ್ತದೆ. ಮೊದಲು ನೀರಿನ ಬಿಸಿ ಎಷ್ಟು, ಹುಳಿ ಎಷ್ಟು, ಅದರಲ್ಲಿ ಕರಗಿರುವ ಲವಣ ಎಷ್ಟು ಎಂಬುದನ್ನು ಅಳೆದು ಬರೆದುಕೊಳ್ಳುತ್ತಾರೆ. ಬಳಿಕ ನೂರು ಮೀಟರಿಗೂ ಕಡಿಮೆಯಿಲ್ಲದ ಒಂದು ಭಾಗವನ್ನು ಗುರುತು ಮಾಡಿಕೊಂಡು, ಒಬ್ಬರು ಬೆನ್ನಿಗೆ ಒಂದು ವಿದ್ಯುತ್ ಯಂತ್ರವನ್ನು ಕಟ್ಟಿಕೊಂಡು ನೀರಿನ ಎದುರಾಗಿ ಮೇಲಕ್ಕೆ ನಡೆಯುತ್ತಾರೆ. ಅಳತೆಗೆ ತಕ್ಕ ವಿದ್ಯುತ್ತನ್ನು ನೀರಿಗೆ ಬಿಟ್ಟಾಗ ಹತ್ತಿರದ ಮೀನು ಕ್ಷಣಕಾಲ ಮಂಕಾಗುತ್ತದೆ. ಪಕ್ಕದವರು ಕೈಬಲೆಯಿಂದ ಅದನ್ನು ಎತ್ತಿ ನೀರು ತುಂಬಿದ ಬಕೆಟ್ಟಿಗೆ ಹಾಕುತ್ತಾರೆ. ಜಾತಿ ನೋಡಿ, ಉದ್ದ ಅಳೆದು, ಬರೆದುಕೊಂಡು, ಮತ್ತೆ ಅದೇ ಹಳ್ಳಕ್ಕೆ ಬಿಡುತ್ತಾರೆ.

ಇಲ್ಲಿ ಒಂದು ಎಚ್ಚರಿಕೆಯ ಮಾತು. ಇದನ್ನು ಕೇಳಿ ಯಾರೂ ಪಂಪ್‌ಸೆಟ್ಟಿನ ತಂತಿಯನ್ನು ಹೊಳೆಗೆ ಇಳಿಸತಕ್ಕದ್ದಲ್ಲ. ಅಲ್ಲಿಯವರದು ತರಬೇತಿ ಪಡೆದವರು ರಬ್ಬರಿನ ಉಡುಪು ತೊಟ್ಟು ಅನುಮತಿ ಪಡೆದು ಮಾಡುವ ಕೆಲಸ. ಕಂಬದ ತಂತಿಯಿಂದ ಮೀನು ಹಿಡಿಯಲು ಹೋದರೆ ಮರಿ, ಮೊಟ್ಟೆಯ ಮೀನು ಎಲ್ಲವೂ ಸಾಯುತ್ತವೆ; ಹಿಡಿಯಲು ಹೋದ ಮನುಷ್ಯನೂ ಸಾಯುತ್ತಾನೆ. ಸಿಡಿಮದ್ದು ಹಾಕುವುದನ್ನೂ ವಿಷ ಬೆರೆಸುವುದನ್ನೂ ನಮ್ಮ ದೇಶದಲ್ಲಿ ೧೮೯೭ರ ಕಾಯಿದೆಯಷ್ಟು ಹಿಂದೆಯೇ ಅಪರಾಧವೆಂದು ಮಾಡಲಾಗಿದೆ.

ಸಿಕ್ಕಿದ ಮೀನು ಬಿಟ್ಟದ್ದೋ, ಅಲ್ಲಿಯೇ ಹುಟ್ಟಿದ್ದೋ? ಇದಕ್ಕೆ ಉದ್ದವೇ ಸಾಕ್ಷಿ. ಗಾಳದವರಿಗಾಗಿ ಬಿಡುವ ಮೀನು ಸಾಮಾನ್ಯವಾಗಿ ಗೇಣುದ್ದಕ್ಕಿಂತ ದೊಡ್ಡದು. ಅದೇ ವರ್ಷ ಜಲ್ಲಿಯಿಂದ ಹೊರಬಂದ ಮರಿ ಬೇಸಗೆಯಲ್ಲಿ ಬೆರಳುದ್ದ ಇರುತ್ತದೆ. ಬೆರಳುದ್ದದ್ದು, ಅದಕ್ಕಿಂತ ದೊಡ್ಡದು, ಇನ್ನೂ ದೊಡ್ಡದು, ಹೀಗೆ ಹಲವು ವಯಸ್ಸಿನ ಮೀನುಗಳು ಒಂದೇ ಹಳ್ಳದಲ್ಲಿ ಸಿಕ್ಕಿದರೆ ಅಲ್ಲಿ ಮನೆ ಮಾಡಿಕೊಂಡ ಸಂಸಾರವಿದೆಯೆಂದು ಅರ್ಥ. ಆ ಹಳ್ಳ ಕಾಡು ಟ್ರೌಟ್ ಹಳ್ಳವೆಂದು ಪಟ್ಟಿಗೆ ಸೇರಲು ಯೋಗ್ಯವಾಯಿತು.

ಇದರ ಮೇಲೆ ಇನ್ನೊಂದು ದರ್ಜೆಯಿದೆ. ಅದನ್ನು 'ಎ' ವರ್ಗವೆನ್ನುತ್ತಾರೆ. ಅದಕ್ಕೆ ಮೀನು ಇದ್ದರೆ ಸಾಲದು, ಸಮೃದ್ಧವಾಗಿರಬೇಕು. ಬ್ರೂಕ್ ಟ್ರೌಟ್ ಆದರೆ ಒಂದು ಹೆಕ್ಟೇರು ನೀರಿಗೆ ೩೦ ಕಿಲೋ, ಬ್ರೌನ್ ಟ್ರೌಟ್ ಆದರೆ ೪೦ ಕಿಲೋ ತೂಕದ ಕಾಡು ಮೀನು ಇರಬೇಕು. ನಮ್ಮ ಲೆಕ್ಕದಲ್ಲಿ ಎಕರೆಗೆ ೧೨ ಕಿಲೋ, ೧೬ ಕಿಲೋ. ಮೂರು ಮೀಟರು ಅಗಲದ ಹಳ್ಳವಾದರೆ ಸುಮಾರು ೧,೩೫೦ ಮೀಟರು ಉದ್ದಕ್ಕೆ ಒಂದು ಎಕರೆ ನೀರು. ಅಷ್ಟರೊಳಗೆ ೧೨ ಕಿಲೋ ಬ್ರೂಕ್ ಟ್ರೌಟ್ ಇರಬೇಕೆಂದ ಹಾಗಾಯಿತು. ಅದರಲ್ಲಿ ೧೫ ಸೆಂಟಿಮೀಟರಿಗಿಂತ ಚಿಕ್ಕವೂ ಇರಬೇಕೆಂಬ ನಿಯಮವಿದೆ. ಏಕೆಂದರೆ ಚಿಕ್ಕವಿಲ್ಲದ ಕಡೆ ಮುಂದಿನ ಪೀಳಿಗೆಯಿಲ್ಲ.

ನೀರಿನೊಳಗಿನ ಮೀನನ್ನು ಎಲ್ಲ ಹಿಡಿಯದೆ ಎಣಿಸುವುದು ಹೇಗೆ ಎಂದು ತಮಗೆ ಅನುಮಾನ ಬರಬಹುದು. ಉಪಾಯ ಸರಳವಾದದ್ದು. ಮೊದಲನೆಯ ಸಲ ೬೦ ಮೀನು ಹಿಡಿದು, ರೆಕ್ಕೆಯ ತುದಿಯನ್ನು ಚೂರು ಕತ್ತರಿಸಿ ಗುರುತು ಮಾಡಿ ಬಿಟ್ಟರೆನ್ನೋಣ. ಅವು ಹಳ್ಳದಲ್ಲಿ ಬೆರೆಯಲು ಬಿಟ್ಟು ಮತ್ತೆ ಹಿಡಿದಾಗ ೫೦ ಸಿಕ್ಕಿ, ಅವುಗಳಲ್ಲಿ ೩೦ಕ್ಕೆ ಗುರುತಿತ್ತು. ಅಂದರೆ ಐದು ಮೀನಿಗೆ ಮೂರು ಗುರುತಿನವು. ಹಾಗಾದರೆ ನಾವು ಗುರುತು ಮಾಡಿದ ೬೦ ಆ ಭಾಗದ ಒಟ್ಟು ಮೀನಿನಲ್ಲಿ ಐದಕ್ಕೆ ಮೂರು ಪಾಲು. ಒಟ್ಟು ಮೀನು ೧೦೦. ನಮ್ಮ ಮಿಡಲ್ ಸ್ಕೂಲಿನ ಹುಡುಗರೂ ಮಾಡಬಹುದಾದ ಲೆಕ್ಕ. ಸಂಖ್ಯೆ ತಿಳಿದ ಮೇಲೆ ಉದ್ದಕ್ಕೆ ತಕ್ಕ ತೂಕವನ್ನು ಹಾಕಿ ಗುಣಿಸುತ್ತಾರೆ.

ಪರೀಕ್ಷೆ ಮುಗಿದೊಡನೆ ಹಳ್ಳ ಪಟ್ಟಿಗೆ ಸೇರಿಬಿಡುವುದಿಲ್ಲ. ಈ ಜಿಲ್ಲೆಯ ಈ ಹಳ್ಳ, ಇಲ್ಲಿಂದ ಇಲ್ಲಿಯವರೆಗೆ, ಇಷ್ಟು ಮೈಲಿ ಎಂದು ಗಡಿ ಹೇಳಿ ರಾಜ್ಯದ ಗೆಜೆಟ್ಟಿನಂಥ ಪತ್ರಿಕೆಯಲ್ಲಿ ಪ್ರಕಟಿಸುತ್ತಾರೆ. ಗೊತ್ತು ಮಾಡಿದ ದಿನಗಳೊಳಗೆ ಯಾರು ಬೇಕಾದರೂ ಒಪ್ಪಿಗೆಯನ್ನೋ ಆಕ್ಷೇಪಣೆಯನ್ನೋ ಬರೆದು ಕಳಿಸಬಹುದು. ಅವುಗಳನ್ನು ನೋಡಿಕೊಂಡು ಆಯೋಗದ ಸದಸ್ಯರು ಬಹಿರಂಗ ಸಭೆಯಲ್ಲಿ ಮತ ಕೊಟ್ಟು ತೀರ್ಮಾನಿಸುತ್ತಾರೆ. ಮುಂದೆ ಮತ್ತೆ ಪರೀಕ್ಷಿಸಿದಾಗ ಮೀನಿಲ್ಲವೆಂದು ಕಂಡರೆ ಪಟ್ಟಿಯಿಂದ ತೆಗೆಯುವುದೂ ಉಂಟು. ಹೀಗೆ ಪ್ರಕಟವಾದ ಪಟ್ಟಿಗಳನ್ನು ನೋಡಿದರೆ ಒಂದು ಸಂಗತಿ ಮನಸ್ಸಿಗೆ ತಟ್ಟುತ್ತದೆ. ಅನೇಕ ಹಳ್ಳಗಳಿಗೆ ಹೆಸರೇ ಇಲ್ಲ. 'ಇಂಥ ಹೊಳೆಗೆ ಸೇರುವ ಹೆಸರಿಲ್ಲದ ಉಪಹಳ್ಳ' ಎಂದಷ್ಟೇ ಬರೆದಿರುತ್ತದೆ. ಒಂದು ನೆಗೆತಕ್ಕೆ ದಾಟಬಹುದಾದ ಅಂಥ ನೀರಿನಲ್ಲಿಯೂ ಮೀನು ಮರಿಮಾಡುತ್ತಿತ್ತು, ಯಾರಿಗೂ ಗೊತ್ತಿರಲಿಲ್ಲ.

ಪಟ್ಟಿಗೆ ಸೇರಿದ್ದರಿಂದ ಆಗುವ ಲಾಭವೇನು? ಮೊದಲನೆಯದು, ಅಕ್ಟೋಬರು ೧ರಿಂದ ಡಿಸೆಂಬರು ೩೧ರವರೆಗೆ ಕಾಡು ಟ್ರೌಟ್ ಹಳ್ಳದ ಪಾತ್ರದಲ್ಲಿ ಸೇತುವೆ, ಕೊಳವೆ ಮುಂತಾದ ಕಾಮಗಾರಿ ನಡೆಸಲು ನಿರ್ಬಂಧವಿದೆ. 'ಎ' ವರ್ಗದ ಹಳ್ಳಕ್ಕೆ ಈ ನಿರ್ಬಂಧ ಏಪ್ರಿಲ್ ೧ರವರೆಗೂ ಇರುತ್ತದೆ. ಮೊಟ್ಟೆ ಜಲ್ಲಿಯಲ್ಲಿರುವ ತಿಂಗಳುಗಳಿವು ಎಂಬುದನ್ನು ತಾವು ಗಮನಿಸಿರಬಹುದು. ಎರಡನೆಯದು, ಕಾಡು ಟ್ರೌಟ್ ಹಳ್ಳದ ನೆರೆಬಯಲಿನಲ್ಲಿರುವ ಜೌಗು ನೆಲಕ್ಕೆ ವಿಶೇಷ ಬೆಲೆಯ ಜೌಗೆಂಬ ಸ್ಥಾನ ದೊರೆಯುತ್ತದೆ. ಅದನ್ನು ಮುಚ್ಚಿ ಕಟ್ಟಡ ಎಬ್ಬಿಸುವುದು ಸುಲಭವಲ್ಲ. ಮೂರನೆಯದು, ಪಟ್ಟಿಯಲ್ಲಿರುವ ಹಳ್ಳಕ್ಕೆ ಬಂದು ಸೇರುವ ಮೇಲಿನ ಕಿರುಹಳ್ಳಗಳಿಗೂ ಅದೇ ಸ್ಥಾನ. ಏಕೆಂದರೆ ಅವು ಮರಿಗಳ ತೊಟ್ಟಿಲು. ನಾಲ್ಕನೆಯದು, 'ಎ' ವರ್ಗದ ಹಳ್ಳ ಅಲ್ಲಿನ ಪರಿಸರ ಇಲಾಖೆಯ ಉನ್ನತ ಗುಣಮಟ್ಟದ ನೀರೆಂಬ ದರ್ಜೆಗೆ ಅರ್ಹವಾಗುತ್ತದೆ. ಆ ದರ್ಜೆ ದೊರೆತ ಮೇಲೆ ಕೊಳಕು ನೀರು ಬಿಡಬೇಕೆನ್ನುವವರು, ಬೇರೆ ದಾರಿಯಿಲ್ಲವೆಂದೂ ಜನರಿಗೆ ಇದು ಅವಶ್ಯವೆಂದೂ ತೋರಿಸಿಕೊಡಬೇಕಾಗುತ್ತದೆ. ಹೊರೆ ಹಳ್ಳದ ಪರವಾಗಿ ಮಾತನಾಡುವ ಬಡವನ ಮೇಲಿಲ್ಲ. ಕೆಡಿಸಲು ಬಂದವನ ಮೇಲಿದೆ.

ಎಲ್ಲರಿಗೂ ಇದು ಒಪ್ಪಿಗೆಯೆಂದು ತಾವು ಭಾವಿಸಬಾರದು. ನಮ್ಮ ಹೊಲದ ಹಳ್ಳವನ್ನು ಪಟ್ಟಿಗೆ ಸೇರಿಸಿದರೆ ನಾಳೆ ಹೊಲಕ್ಕೂ ಕೈಹಾಕುತ್ತಾರೆಂದು ಭೂಮಿಯ ಒಡೆಯರಿಗೆ ಭಯ. ಪಟ್ಟಿಗೆ ಸೇರಿದ ಮಾತ್ರಕ್ಕೆ ಒಡೆತನ ಬದಲಾಗುವುದಿಲ್ಲ. ಗಾಳದವರಿಗೆ ಪರರ ಹೊಲದೊಳಗೆ ನುಗ್ಗುವ ಹಕ್ಕೂ ಬರುವುದಿಲ್ಲ. ಆದರೆ ಹಳ್ಳಕ್ಕೆ ಅಡ್ಡಲಾಗಿ ದಾರಿಯನ್ನೋ ಕೊಳವೆಯನ್ನೋ ಹಾಕಬೇಕಾದಾಗ ತಿಂಗಳು ನೋಡಬೇಕಾಗುತ್ತದೆ, ಖರ್ಚು ಹೆಚ್ಚಾಗಬಹುದು. ಇದನ್ನು ಮುಚ್ಚಿಟ್ಟು ಹೇಳುವುದರಲ್ಲಿ ಅರ್ಥವಿಲ್ಲ. ಆಕ್ಷೇಪಣೆಗೆ ಕಾಲಾವಕಾಶ ಕೊಡುವುದು ಇದಕ್ಕಾಗಿಯೇ.

ಗಾಳದವರಲ್ಲಿಯೂ ಕೆಲವರಿಗೆ ಅಸಮಾಧಾನ. 'ಎ' ವರ್ಗಕ್ಕೆ ಸೇರಿದ ಹಳ್ಳಕ್ಕೆ ಆಯೋಗ ಸಾಮಾನ್ಯವಾಗಿ ಬೆಳೆಸಿದ ಮೀನನ್ನು ಬಿಡುವುದಿಲ್ಲ. ೧೯೮೩ರಿಂದ ಈ ನೀತಿ ನಡೆದುಬಂದಿದೆ. ಪ್ರತಿವರ್ಷ ಏಪ್ರಿಲಿನಲ್ಲಿ ಲಾರಿಯಲ್ಲಿ ಬರುತ್ತಿದ್ದ ಮೀನು ನಿಂತರೆ ಊರವರಿಗೆ ಬೇಸರವಾಗುವುದು ಸಹಜ. ಅವರಿಗೆ ಉತ್ತರವಾಗಿ ಸ್ಪ್ರಿಂಗ್ ಕ್ರೀಕ್ ಎಂಬ ಹೊಳೆಯ ಸಂಗತಿಯನ್ನು ಹೇಳಬಹುದು. ಅಲ್ಲಿನ ಮೀನಿನ ಮೈಯಲ್ಲಿ ಕೀಟನಾಶಕದ ವಿಷ ಕಂಡುಬಂದದ್ದರಿಂದ ೧೯೮೨ರಲ್ಲಿ ಮೀನು ಬಿಡುವುದನ್ನೂ, ಹಿಡಿದ ಮೀನನ್ನು ಮನೆಗೆ ಒಯ್ಯುವುದನ್ನೂ ನಿಲ್ಲಿಸಿದರು. ಹೊರಗಿನಿಂದ ಒಂದು ಮೀನನ್ನೂ ಬಿಡದಿದ್ದರೂ ಮುಂದಿನ ವರ್ಷಗಳಲ್ಲಿ ಅಲ್ಲಿ ಬ್ರೌನ್ ಟ್ರೌಟ್ ತಾನಾಗಿ ಹೆಚ್ಚಿತು. ಹಿಡಿದು ಮತ್ತೆ ಬಿಡುವ ಗಾಳದವರು ಈಗ ದೂರದೂರದಿಂದ ಆ ಹೊಳೆಗೆ ಬರುತ್ತಾರೆ.

ಬಂಧುಗಳೇ, ಇನ್ನು ನಮ್ಮ ಊರಿಗೆ ಬರೋಣ. ನಮ್ಮ ಗ್ರಾಮ ನಕ್ಷೆಯಲ್ಲಿ ಹಳ್ಳವಿದೆ. ಪಹಣಿಯ ಲೆಕ್ಕದಲ್ಲಿ ಅದು 'ಬ' ಖರಾಬು. ಅಂದರೆ ಸಾಗುವಳಿಗೆ ಬಾರದ, ಎಲ್ಲರಿಗೂ ಸೇರಿದ ಜಾಗ. ಜಾಗ ಬರೆದಿದೆ, ಆದರೆ ಅದರೊಳಗೆ ಏನು ಬದುಕಿದೆಯೆಂಬುದನ್ನು ನಕ್ಷೆ ಹೇಳುವುದಿಲ್ಲ. ಅದನ್ನು ಬರೆಯಲು ಬೇರೊಂದು ಪುಸ್ತಕ ನಮಗೆ ಕಾನೂನಿನಿಂದಲೇ ದೊರೆತಿದೆ. ೨೦೦೨ರ ಜೀವವೈವಿಧ್ಯ ಕಾಯಿದೆಯ ಪ್ರಕಾರ ಪಂಚಾಯಿತಿಗಳಲ್ಲಿ ಜೀವವೈವಿಧ್ಯ ನಿರ್ವಹಣಾ ಸಮಿತಿ ಇರಬೇಕು. ಅದು ಊರಿನ ಜನರನ್ನು ಕೇಳಿ ಜನತಾ ಜೀವವೈವಿಧ್ಯ ದಾಖಲಾತಿಯನ್ನು ಬರೆಯಬೇಕು. ಪೆನ್ಸಿಲ್ವೇನಿಯಾದ ಪಟ್ಟಿಯಂತೆ ಕಾಮಗಾರಿಯನ್ನು ಇಂಥ ತಿಂಗಳು ನಿಲ್ಲಿಸೆಂದು ಹೇಳುವ ಬಲ ಈ ದಾಖಲಾತಿಗೆ ತಾನಾಗಿ ಇಲ್ಲ. ಆದರೂ ನಾಳೆ ಹಳ್ಳದ ಮರಳು, ಹಳ್ಳದ ದಂಡೆ, ಹಳ್ಳದ ನೀರು ಎಂದು ಪ್ರಶ್ನೆ ಬಂದಾಗ, ಗ್ರಾಮಸಭೆಯ ಕೈಯಲ್ಲಿ ತಾರೀಖು ಸಮೇತ ಬರೆದ ಕಾಗದವಿರುವುದಕ್ಕೂ ಬರಿಗೈಯಲ್ಲಿ ಬಾಯಿಮಾತು ಹೇಳುವುದಕ್ಕೂ ಎಷ್ಟು ಅಂತರವೆಂಬುದು ಕಚೇರಿ ಮೆಟ್ಟಿಲು ಹತ್ತಿದ ತಮಗೆ ನಾನು ಹೇಳಬೇಕಾದ್ದಿಲ್ಲ.

ಇದಕ್ಕೆ ವಿದ್ಯುತ್ ಯಂತ್ರ ಬೇಡ. ನಾಲ್ಕು ಕೆಲಸಗಳನ್ನು ಮಾಡಿದರೆ ಸಾಕು.

ಒಂದು, ಊರಿನ ಹಳ್ಳಗಳನ್ನೆಲ್ಲ ಹುಟ್ಟುವಲ್ಲಿಂದ ಸೇರುವಲ್ಲಿಯವರೆಗೆ ಹೆಸರು ಸಮೇತ ಬರೆಯಿರಿ. ಹೆಸರಿಲ್ಲದಿದ್ದರೆ ಯಾರ ಹೊಲದ ಮಗ್ಗುಲು ಎಂದು ಬರೆಯಿರಿ.

ಎರಡು, ಯಾವ ಮಡುವಿನಲ್ಲಿ ಬೇಸಗೆಯಲ್ಲಿಯೂ ನೀರು ನಿಲ್ಲುತ್ತದೆ, ಯಾವ ತಿಂಗಳು ಹರಿವು ನಿಲ್ಲುತ್ತದೆ ಎಂಬುದನ್ನು ಗುರುತು ಮಾಡಿರಿ. ಮುಂದಿನ ವರ್ಷವೂ ಅದೇ ಜಾಗದಲ್ಲಿ ನೋಡಿರಿ.

ಮೂರು, ಮೀನು ಹಿಡಿಯುವ ಮನೆತನದವರನ್ನೂ ವಯಸ್ಸಾದವರನ್ನೂ ಕೂರಿಸಿಕೊಂಡು ಕೇಳಿರಿ. ಕೊರವ, ಹಾವುಮೀನು, ಚೇಳುಮೀನು ಎಲ್ಲಿ ಸಿಗುತ್ತದೆ, ಯಾವುದು ಮೊದಲಿತ್ತು, ಈಗ ಇಲ್ಲ ಎಂಬುದನ್ನು ಅವರ ಬಾಯಲ್ಲಿ ಬರುವ ಹೆಸರಿನಲ್ಲಿಯೇ ಬರೆಯಿರಿ. ಶಾಸ್ತ್ರದ ಹೆಸರನ್ನು ಕಾಲೇಜಿನ ಉಪಾಧ್ಯಾಯರು ಆಮೇಲೆ ಸೇರಿಸಬಹುದು.

ನಾಲ್ಕು, ಮರಿಯ ವಿಚಾರ. ಮಲೆನಾಡಿನ ಕಡೆ ಮುಂಗಾರಿನ ಮೊದಲ ಮಳೆಗೆ ಹೊಳೆಯಿಂದ ಹಳ್ಳಕ್ಕೆ, ಹಳ್ಳದಿಂದ ಗದ್ದೆಗೆ ಏರಿಬರುವ ಹತ್ತುಮೀನನ್ನು ಎಲ್ಲರೂ ಬಲ್ಲರು. ಅವು ಬರುವುದು ಮೊಟ್ಟೆಯಿಡುವುದಕ್ಕೆ. ಅಂಥ ಮೀನು ಯಾವ ಹಳ್ಳಕ್ಕೆ ಯಾವ ವಾರ ಏರಿತೆಂದು ಬರೆದಿಟ್ಟರೆ, ಆ ವಾರಗಳಲ್ಲಿ ಹಳ್ಳಕ್ಕೆ ಕಟ್ಟುವ ಕೂಳಿಯನ್ನೂ, ಮಣ್ಣು ತೆಗೆಯುವ ಯಂತ್ರವನ್ನೂ ತಡೆಯೋಣವೆಂದು ಗ್ರಾಮಸಭೆಯಲ್ಲಿ ಮಾತನಾಡಲು ಆಧಾರ ಸಿಕ್ಕಿತು.

ಶಾಲೆಯ ಮಕ್ಕಳನ್ನು ಈ ಕೆಲಸಕ್ಕೆ ಕರೆದುಕೊಳ್ಳಿರಿ. ಉಪಾಧ್ಯಾಯರು ಜೊತೆಯಲ್ಲಿರಲಿ, ನೀರು ಇಳಿದ ಕಾಲವಾಗಿರಲಿ. ಪೆನ್ಸಿಲ್ವೇನಿಯಾದಲ್ಲಿ ಹೆಸರಿಲ್ಲದ ಹಳ್ಳಗಳನ್ನು ಹುಡುಕಿ ಕೊಟ್ಟವರಲ್ಲಿ ಬಹುಮಂದಿ ವಿದ್ಯಾರ್ಥಿಗಳೇ. ಕಂಡದ್ದನ್ನು ಮಾತ್ರ ಬರೆಯಬೇಕು. ಇಲ್ಲದ ಮೀನನ್ನು ಇದೆಯೆಂದು ಬರೆದರೆ ಒಂದು ಸುಳ್ಳಿಗಾಗಿ ಪುಸ್ತಕವೇ ಬೆಲೆ ಕಳೆದುಕೊಳ್ಳುತ್ತದೆ. ನೋಡಿದೆವು, ಸಿಗಲಿಲ್ಲ ಎಂದು ಬರೆಯುವುದೂ ದಾಖಲೆಯೇ.

ಮುಂದಿನ ಗ್ರಾಮಸಭೆಯಲ್ಲಿ ತಮ್ಮ ಪಂಚಾಯಿತಿಯ ದಾಖಲಾತಿ ಪುಸ್ತಕವನ್ನು ತೋರಿಸಿರೆಂದು ಕೇಳಿರಿ. ಅದರಲ್ಲಿ ಹಳ್ಳದ ಪುಟ ಖಾಲಿಯಿದ್ದರೆ, ಅದನ್ನು ತುಂಬುವ ಕೆಲಸವನ್ನು ಅಂದೇ ಯಾರಿಗಾದರೂ ಒಪ್ಪಿಸಿರಿ.